ಗವಿಸಿದ್ದೇಶನ ಹನ್ನೊಂದು ದಿನ

ಹಗರಿಬೊಮ್ಮನಹಳ್ಳಿ
೯ ಫೆಬ್ರವರಿ ೨೦೨೫, ಭಾನುವಾರ

ಪ್ರೀತಿಯ ಮಗ ಮುನಾವರನಿಗೆ ನಿನ್ನ ಅಬ್ಬಾ ಮಾಡುವ ಸಲಾಂ ಮತ್ತು ದುವಾ.

ಹೇಗಿದ್ದೀ? ಮುಂಬೈ ನೀರು ಒಗ್ಗಿತೇ? ಗಂಟಲು ಕಟ್ಟಿದೆ ಎಂದು ಹೋದ ವಾರ ನಿನ್ನ ಅಮ್ಮಿಯ ಹತ್ತಿರ ಹೇಳಿದ್ದೆಯಂತೆ. ಅವತ್ತಿನಿಂದ ಅವಳು ಶುಂಠಿ, ಕಾಳುಮೆಣಸು ಕುಟ್ಟಿ ಡಬ್ಬಿ ತುಂಬಿಸಿಟ್ಟು, ಯಾರ ಕೈಯಲ್ಲಿ ಕಳಿಸಬೇಕು ಎಂದು ನನ್ನ ತಲೆ ತಿನ್ನುತ್ತಿದ್ದಾಳೆ. ಹಾಡುವವನ ಗಂಟಲು, ಜೋಪಾನ ಮಾಡಿಕೋ. ನನ್ನ ಮೊಣಕಾಲು ನೋವು ಇದ್ದ ಹಾಗೇ ಇದೆ. ಫೋನ್ ಇರುವಾಗ ಈ ಮುದುಕ ಕಾಗದ ಯಾಕೆ ಬರೆದ ಎನ್ನಬೇಡ. ಫೋನಿನಲ್ಲಿ ನನ್ನ ಮಾತು ಸ್ವಲ್ಪ ಬಿಸಿಯಾದರೆ ಸಾಕು, 'ಅಬ್ಬಾ, ಮೀಟಿಂಗಿನ್ಯಾಗ ಅದೀನಿ' ಎಂದು ಕಟ್ ಮಾಡುತ್ತೀ. ಇದನ್ನು ಹೇಗೆ ಕಟ್ ಮಾಡುತ್ತೀಯೋ ನಾನೂ ನೋಡುತ್ತೇನೆ. ನನ್ನದು ಏಳನೇ ಕ್ಲಾಸಿನ ಕನ್ನಡ, ತಪ್ಪಿದ್ದಲ್ಲಿ ತಿದ್ದಿಕೊಂಡು ಓದು.

ನೀನು ಕಳಿಸಿದ ಹೊಸ ಆಲ್ಬಮ್ 'ಹೆದ್ದಾರಿ'ಯ ಒಂಬತ್ತೂ ಹಾಡು ಕೇಳಿದೆ. ಜನರಿಗೆ ಬಿಡುವ ಮುಂಚೆ ನಿನ್ನ ಬಾಯಿಂದ ಖರೇ ಮಾತು ಬೇಕು ಅಬ್ಬಾ ಎಂದಿದ್ದೀಯಲ್ಲ, ಬರೆಯುತ್ತೇನೆ, ತಗೋ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿನ ಮೇಲಿಟ್ಟು, ಹಿಡಿಕೆಯನ್ನು ಕಿವಿಗೊತ್ತಿ, ಒಳಗಿನ ಬೇನೆ ಎಲ್ಲಿದೆ ಎಂದು ನಲವತ್ತು ವರ್ಷ ಹುಡುಕಿದವನು ನಾನು. ನಿನ್ನ ಈ ಒಂಬತ್ತು ಹಾಡಿನಲ್ಲಿ ಹುಡುಕಿದರೂ ಬೇನೆ ಸಿಗಲಿಲ್ಲ. ಎಲ್ಲ ಬಿಗಿ, ಎಲ್ಲ ಸಾಫ್. ಷೋರೂಮಿನಲ್ಲಿ ಬಣ್ಣ ಬಳಿದು ನಿಲ್ಲಿಸಿದ ಎಂಜಿನ್ ಇದ್ದ ಹಾಗಿದೆ, ಹೊಲದ ಒಂದು ಸಾಲಿಗೂ ನೀರು ಹಾಯಿಸಿದ್ದಲ್ಲ. ಎರಡನೇ ಹಾಡಿಗೆ ನಿನ್ನ ಅಮ್ಮಿ ಎದ್ದು ಅಕ್ಕಿ ಆರಿಸಲು ಹೋದಳು, ಪಾಪ, ನಿನಗೆ ಮಾತ್ರ ಭಾಳ ಚೆಂದ ಇದೆ ಎಂದು ಹೇಳಿದ್ದಾಳೆ.

ನಿಮ್ಮ ಮೊದಲ ಆಲ್ಬಮ್ 'ಎಂಟನೇ ಏಟು' ಹೇಗೆ ಹುಟ್ಟಿತು ಎಂದು ಮರೆತಿದ್ದರೆ ನೆನಪು ಮಾಡುತ್ತೇನೆ. ಮೂರು ವರ್ಷದ ಹಿಂದೆ ತಂಬ್ರಹಳ್ಳಿ ಬೆನಕಪ್ಪನ ಹಳೇ ಡೀಸೆಲ್ ಎಂಜಿನ್ ರಿಪೇರಿಗೆ ಬಂದಿತ್ತು. ಏಳು ಸಲ ಹೊಡೆದು ಎಂಟನೆಯದನ್ನು ನುಂಗುತ್ತಿತ್ತು. ನೀನು, ಕೊಟ್ಟೂರಿನ ಗವಿಸಿದ್ದೇಶ ಇಬ್ಬರೂ ನನ್ನ ಕೈಯಿಂದ ಸ್ಪ್ಯಾನರ್ ಕಸಿದುಕೊಂಡು, ಇದನ್ನು ಒಂದು ತಿಂಗಳು ಬಿಚ್ಚಬೇಡ ಎಂದು ಗಂಟು ಬಿದ್ದಿರಿ. ಬೆನಕಪ್ಪ ದಿನಾ ಬಂದು ನನ್ನ ಕುಲಕೋಟಿಯನ್ನೆಲ್ಲ ಬೈದು ಹೋಗುವನು, ನಾನು 'ಸಾಮಾನು ಬಂದಿಲ್ರಿ' ಎಂದು ಸುಳ್ಳು ಹೇಳುವವನು. ಆ ಎಂಜಿನ್ ಓಡುತ್ತಿರುವಾಗ ಪಕ್ಕದಲ್ಲಿ ಕೂತು ಗವಿಸಿದ್ದೇಶ ಡ್ರಮ್ ಬಾರಿಸಿದ. ಅದು ಉಸಿರು ಹಿಡಿದಲ್ಲಿ ಇವನೂ ಕೈ ಹಿಡಿಯುತ್ತಿದ್ದ, ಆ ಸಂದಿನಲ್ಲಿ ನೀನು ಹಾಡುತ್ತಿದ್ದೆ. ದಿಲ್ಲಿ, ಕೊಲ್ಕತ್ತಾ ಪತ್ರಿಕೆಯವರೆಲ್ಲ ನಿಮ್ಮ 'ಕರಿಹೊಗೆ' ಬ್ಯಾಂಡಿನ ಬಗ್ಗೆ ಬರೆದರು. ಈ ಡ್ರಮ್ ಬಾರಿಸಿದವನು ಯಾರು ಎಂದು ಎಲ್ಲರೂ ಕೇಳಿದರು. ಮುಂಬೈ ಕಂಪನಿಯವರು ನಮ್ಮ ಗ್ಯಾರೇಜಿನ ಬಾಗಿಲಿಗೆ ಬಂದದ್ದು ಆಮೇಲೆ.

ಸೆಪ್ಟೆಂಬರಿನಲ್ಲಿ ನೀನು ಕರೆದೆ ಎಂದು ಗವಿಸಿದ್ದೇಶ ತನ್ನ ಮಂಡಕ್ಕಿ ಭಟ್ಟಿಗೆ ಹನ್ನೊಂದು ದಿನ ಬೀಗ ಹಾಕಿ, ಮುಂಬೈಗೆ ಬಂದು ಬಾರಿಸಿದ. ಮಗಳನ್ನು ತೊಟ್ಟಿಲಿಗೆ ಹಾಕುವ ದಿನ ಗೊತ್ತಾಗಿತ್ತು, ಅದನ್ನೂ ಮುಂದಕ್ಕೆ ಹಾಕಿದ. ತಿರುಗಿ ಬಂದು ಕೊಟ್ಟೂರಿನ ಬಸ್‌ ಸ್ಟ್ಯಾಂಡಿನಿಂದ ಹಿಡಿದು ತೇರುಬೀದಿಯವರೆಗೆ ಸಿಕ್ಕಸಿಕ್ಕವರಿಗೆ 'ಒಂಬತ್ತೂ ಹಾಡಿನ್ಯಾಗ ನಂದ ಡ್ರಮ್ಮು' ಎಂದು ಹೇಳಿಕೊಂಡು ತಿರುಗಿದ್ದಾನೆ. ಈಗ ನೋಡಿದರೆ ನೀನು ನನಗೆ ಬರೆಯುತ್ತೀ: ಗವಿಯ ಏಟು ಕಂಪ್ಯೂಟರಿನ ಗಡಿಯಾರಕ್ಕೆ ಹೊಂದಲಿಲ್ಲ, ದಸರಾದಲ್ಲೇ ಅವನದ್ದು ಪೂರಾ ತೆಗೆಸಿ ಮುಂಬೈಯ ಬೇರೆ ಹುಡುಗನಿಂದ ಬಾರಿಸಿದ್ದೇವೆ, ಅವನಿಗೆ ಇನ್ನೂ ಗೊತ್ತಿಲ್ಲ, 'ನೀನ ಹೇಳಬೇಕು ಅಬ್ಬಾ, ನೀನು ಹೇಳಿದ್ರ ಸಿಟ್ಟಾಗಂಗಿಲ್ಲ'. ಅದರ ಕೆಳಗೆ ಇನ್ನೊಂದು. ಇಪ್ಪತ್ತನೇ ತಾರೀಖು ಕ್ಯಾಮೆರಾದವರನ್ನು ಕರೆದುಕೊಂಡು ಬರುತ್ತೀ, ಗವಿಸಿದ್ದೇಶ ನಮ್ಮ ಗ್ಯಾರೇಜಿನಲ್ಲಿ ಕೂತು ಬಾರಿಸಿದ ಹಾಗೆ ನಟಿಸಬೇಕು, ಹಳೇ ಆಲ್ಬಮ್ ಮೆಚ್ಚಿದವರು ಅವನನ್ನು ಹುಡುಕುತ್ತಾರೆ. ಅಂದರೆ ಅವನ ಕೈ ಬೇಡ, ಮುಖ ಬೇಕು. ಶಹಬ್ಬಾಸ್ ಮಗನೇ! ಕಸಾಯಿಖಾನೆಯ ನಮ್ಮ ರಫೀಕನಿಗೂ ಇಷ್ಟು ಗಟ್ಟಿ ಎದೆ ಇಲ್ಲ, ಅವನು ಕುರಿಗೆ ನೀರಾದರೂ ಕುಡಿಸುತ್ತಾನೆ.

ಹಾಗಂತ ನಾನು ಸಾಚಾ ಎಂದುಕೊಳ್ಳಬೇಡ. ನಿನ್ನ ಹೇಡಿತನ ಯಾರಿಂದ ಬಂತು ಎಂದು ಊರೆಲ್ಲ ಹುಡುಕಬೇಕಿಲ್ಲ. ನಾಲ್ಕು ದಿನ ಗವಿಗೆ ಹೇಳಲು ಬಾಯಿ ಬರಲಿಲ್ಲ. ಕೊನೆಗೆ, ಹಾಡು ಕೇಳಿಸಿದರೆ ತಾನೇ ತಿಳಿದುಕೊಳ್ಳುತ್ತಾನೆ, ನಾನು ಹೇಳುವುದು ತಪ್ಪುತ್ತದೆ ಎಂದು ಲೆಕ್ಕ ಹಾಕಿ ಫೋನ್ ಮಾಡಿದೆ: 'ಲೇ ಗವಿ, ಹೊಸಾವು ಬಂದಾವ, ಗ್ಯಾರೇಜಿನ್ಯಾಗ ಚಾಲೂ ಮಾಡೋಣ, ಬಾ.' ಒಬ್ಬನೇ ಬರುತ್ತಾನೆ ಎಂದುಕೊಂಡಿದ್ದೆ. ನನ್ನ ತಲೆಗೆ ಮಣ್ಣು ತುಂಬಿತ್ತೋ ಏನೋ! ಬಿಚ್ಚಿ ಕಟ್ಟಿದ ಎಂಜಿನ್ ನಮ್ಮಲ್ಲಿ ಮೊದಲ ಸಲ ಚಾಲೂ ಆಗುವ ದಿನ ಅದರ ಧಣಿ ಮನೆಮಂದಿಯನ್ನೆಲ್ಲ ಕರೆದುಕೊಂಡು ಬರುತ್ತಾನೆ, ಕಾಯಿ ಒಡೆಯುತ್ತಾನೆ, ಸಿಹಿ ಹಂಚುತ್ತಾನೆ. ನಿಮ್ಮ ಮೊದಲ ಆಲ್ಬಮ್ಮನ್ನೂ ನಾವು ಹಾಗೇ ಕಾಯಿ ಒಡೆದು ಕೇಳಿದ್ದೆವು. ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಅವನು ಇಳಿದ, ಹಿಂದೆ ಅವನ ತಾಯಿ ಶಿವಬಸಮ್ಮ, ಹೆಂಡತಿ ಶಾಂಭವಿ, ಅವಳ ಹೆಗಲ ಮೇಲೆ ಕೂಸು. ಕೈಯಲ್ಲಿ ತೆಂಗಿನಕಾಯಿ, ಒಂದು ಚೀಲ ಬಿಸಿ ಮಂಡಕ್ಕಿ. ಶಿವಬಸಮ್ಮ ಸ್ಪೀಕರ್ ಡಬ್ಬಿಗೆ ಕುಂಕುಮ ಹಚ್ಚಿ ಕೈ ಮುಗಿದಳು. ಆಗಲಾದರೂ ನಾನು ತಡೆಯಬೇಕಿತ್ತು. ತಡೆಯಲಿಲ್ಲ, ಗುಂಡಿ ಒತ್ತಿದೆ.

ಅವನು ಹಳೇ ಟಯರಿನ ಮೇಲೆ ಕೂತು ಮೊಣಕಾಲಿನ ಮೇಲೆ ಬೆರಳು ಕುಣಿಸಲು ಶುರು ಮಾಡಿದ. ನಿನ್ನ ದನಿ ಬಂದು ಎರಡು ಸಾಲು ಆಗುವಷ್ಟರಲ್ಲಿ ಬೆರಳು ನಿಂತವು. ನನ್ನ ಕಡೆ ನೋಡಿದ. ನಾನು ನೆಲ ನೋಡಿದೆ. ಶಿವಬಸಮ್ಮ, ಆ ಹುಚ್ಚು ಮುದುಕಿ, ಖುಷಿಯಿಂದ 'ಇದು ನಿಂದೇನಪ್ಪಾ?' ಎಂದು ಕೇಳಿದಳು. 'ಹೌದವ್ವಾ, ನಂದ' ಎಂದ. ಪ್ರತಿ ಹಾಡಿಗೂ ಅವಳು ಕೇಳಿದಳು, 'ಇದೂ ನಿಂದ?' ಪ್ರತಿ ಹಾಡಿಗೂ ಇವನು 'ಹ್ಞೂಂ' ಎಂದ. ಒಂಬತ್ತು ಸಲ, ಮುನಾವರ, ನಾನು ಎಣಿಸಿದ್ದೇನೆ. ಶಾಂಭವಿಗೆ ಮೂರನೆಯದಕ್ಕೇ ತಿಳಿಯಿತು. ಕೂಸಿಗೆ ಹಾಲು ಕುಡಿಸುವ ನೆವ ಮಾಡಿ ಗೋಡೆ ಕಡೆ ತಿರುಗಿ ಕೂತಳು, ಕೊನೆಯವರೆಗೂ ಮುಖ ತೋರಿಸಲಿಲ್ಲ. ಆಮೇಲೆ ಅವನೇ ಎದ್ದು ಕಾಯಿ ಒಡೆದು, ಎಲ್ಲರ ಕೈಗೂ ಮಂಡಕ್ಕಿ ಹಾಕಿದ. ನನ್ನ ಕೈಗೂ ಹಾಕಿದ.

ಹೆಂಗಸರನ್ನು ಬಸ್ಸು ಹತ್ತಿಸಿ ಬಂದು ನನ್ನೆದುರು ನಿಂತು, 'ಯಾವಾಗ ತಗದ್ರು ಕಾಕಾ?' ಎಂದ. ದಸರಾದಲ್ಲಿ ಎಂದೆ. ಅವನು, 'ದೀಪಾವಳಿಗೆ ಮುನಾವರ ಫೋನ್ ಮಾಡಿ, ಗವಿ, ನಿನ್ನ ಡ್ರಮ್ಮು ಭಾಳ ಚಂದ ಬಂದಾವಲೇ ಅಂದಿದ್ನಲ್ರಿ' ಎಂದ. ಹೇಗೂ ಮುಖ ಕೆಟ್ಟಿತ್ತು, ಕ್ಯಾಮೆರಾದವರ ವಿಷಯವನ್ನೂ ಹೇಳಿಬಿಟ್ಟೆ. ಕೈಗೆ ಸಿಕ್ಕ ಸ್ಪ್ಯಾನರಿನಿಂದ ನನ್ನ ಬುರುಡೆ ಒಡೆಯುತ್ತಾನೆ ಎಂದು ಕಾದೆ, ಒಡೆದಿದ್ದರೆ ಖುಷಿಯಾಗುತ್ತಿತ್ತು. 'ಬರ್ತೀನ್ರಿ' ಎಂದಷ್ಟೇ ಹೇಳಿ ಹೋದ.

ಎಂಜಿನ್ನಿನಿಂದ ಏನೇ ತೆಗೆದು ಹೊಸದು ಹಾಕಿದರೂ, ಹಳೆಯದನ್ನು ಚೀಲಕ್ಕೆ ಹಾಕಿ ಧಣಿಯ ಕೈಗೆ ಕೊಡುವವನು ನಾನು. ತೆಗೆದದ್ದು ಅವನದು, ಗುಜರಿಗೆ ಹಾಕುವುದೂ ಇಟ್ಟುಕೊಳ್ಳುವುದೂ ಅವನಿಷ್ಟ. ಆ ಹನ್ನೊಂದು ದಿನ ಅವನು ಬಾರಿಸಿದ್ದು ನಿಮ್ಮ ಕಂಪ್ಯೂಟರಿನಲ್ಲಿ ಎಲ್ಲಿದೆಯೋ ಹುಡುಕಿ ಅವನಿಗೆ ಕಳಿಸು. ಅಳಿಸಿ ಹಾಕಿದ್ದೇವೆ ಎಂದರೆ ಅದನ್ನಾದರೂ ನೀನೇ ಫೋನ್ ಮಾಡಿ ಹೇಳು, ಇನ್ನೊಮ್ಮೆ ನನ್ನ ಹೆಗಲ ಮೇಲೆ ಬಂದೂಕು ಇಡಬೇಡ. ನೀನು ದೊಡ್ಡವನಾಗಬೇಕು ಎಂದು ನಾನೂ ದುವಾ ಮಾಡಿದ್ದೆ. ಆಗಿದ್ದೀ. ಅಲ್ಲಾ ನಿನ್ನ ಗಂಟಲು ಕಾಯಲಿ, ಹೊತ್ತಿಗೆ ಸರಿಯಾಗಿ ಊಟ ಮಾಡು. ಅಮ್ಮಿ ನಿನ್ನ ಹಣೆಗೆ ಮುತ್ತು ಕಳಿಸಿದ್ದಾಳೆ, ಅವಳಿಗೆ ಇದ್ಯಾವುದೂ ಗೊತ್ತಿಲ್ಲ.

ನಿನ್ನ ಅಬ್ಬಾ,
ಮಸ್ತಾನಸಾಬ

ತಾ.ಕ.: ಲಕೋಟೆ ಅಂಟಿಸುವಾಗ ಗವಿಸಿದ್ದೇಶ ಬಂದ. ಇಪ್ಪತ್ತಕ್ಕೆ ಕೂತು ನಟಿಸಲು ಒಪ್ಪಿದ್ದಾನೆ. ಈಗ ಹೊರಗೆ ಅದೇ ಟಯರಿನ ಮೇಲೆ ಕೂತು, ಆ ಮುಂಬೈ ಹುಡುಗನ ಏಟನ್ನು ಹತ್ತು ಸಲ, ಇಪ್ಪತ್ತು ಸಲ ಹಾಕಿಸಿಕೊಂಡು ಕಲಿಯುತ್ತಿದ್ದಾನೆ. ಯಾಕಲೇ ಎಂದರೆ, 'ಕೈ ಹೊಂದಲಿಲ್ಲ ಅಂದ್ರ ಜನ ಮುನಾವರನ್ನ ನೋಡಿ ನಗ್ತಾರ ಕಾಕಾ' ಎಂದ. ಕ್ಯಾಮೆರಾದವರು ಬರಲಿ, ಅವನು ಮಾತು ಕೊಟ್ಟಿದ್ದಾನೆ. ನೀನು ಬರಬೇಡ. ಈ ರಂಜಾನಿಗೂ ಬರಬೇಡ. ಅಮ್ಮಿಗೆ ನಾನು ಏನಾದರೊಂದು ಸುಳ್ಳು ಹೇಳುತ್ತೇನೆ.