ಬಚ್ಚಿಟ್ಟ ಚಪ್ಪಲಿ

ಮಾರ್ಚ್ ೧೦, ಬೆಳಿಗ್ಗೆ

ಮುದ್ದು ಮಗಳೇ,

ನಿನ್ನ ಕಾಗದ ಬಂತು. ಅನಾಥಾಲಯದಿಂದ ಕರೆತಂದ ನಾಲ್ಕು ವರ್ಷದ ಹುಡುಗಿ ನಿನ್ನನ್ನು ಹಚ್ಚಿಕೊಳ್ಳುತ್ತಲೇ ಇಲ್ಲ, ಶುಕ್ರವಾರ ದತ್ತು ಪತ್ರಕ್ಕೆ ಸಹಿ ಹಾಕಲೋ, ಅವಳನ್ನು ವಾಪಸ್ ಬಿಟ್ಟುಬರಲೋ ಎಂದು ಕೇಳಿದ್ದೀಯ. ಅಮ್ಮನನ್ನಲ್ಲ, ಕೋತಿಮರಿಗಳ ಜೊತೆ ಆಯುಸ್ಸು ಕಳೆದ ವಿಜ್ಞಾನಿಯನ್ನು ಕೇಳುತ್ತಿದ್ದೇನೆ ಎಂದೂ ಬರೆದಿದ್ದೀಯ. ಆಗಲಿ, ಹಾಗೆಯೇ ಉತ್ತರಿಸುತ್ತೇನೆ.

ಹೊರಗೆ ಹೋದಂತೆ ಮಾಡಿ, ಬಾಗಿಲ ಮರೆಯಿಂದ ಅವಳು ಅಳುತ್ತಾಳೋ ಎಂದು ಇಣುಕಿ ನೋಡಿದೆಯಂತೆ. ನನ್ನ ಮಗಳೇ ಸರಿ! ನಮ್ಮ ಪ್ರಯೋಗಾಲಯದಲ್ಲೂ ತಾಯಿಯನ್ನು ಆಚೆ ಒಯ್ದು ಮರಿಯ ಕೂಗನ್ನು ಬರೆದಿಟ್ಟುಕೊಳ್ಳುತ್ತಿದ್ದೆವು. ಅವಳು ಅಳಲಿಲ್ಲ ಎಂಬುದೇ ನಿನ್ನ ಚಿಂತೆ.

ಆ ಕೆಲಸವನ್ನು ನಾನು ಹಗುರವಾಗಿ ಕಾಣುವುದಿಲ್ಲ. ತಾಯಿಯ ಬದಲಿಗೆ ಇಟ್ಟ, ಹಾಲು ಕೊಡುವ ತಂತಿಯ ಗೊಂಬೆಗಿಂತ ಮೆತ್ತನೆ ಬಟ್ಟೆಯ ಗೊಂಬೆಯನ್ನೇ ಮರಿ ತಬ್ಬುತ್ತದೆ ಎಂದು ಗೊತ್ತಾದ ಮೇಲೆ, ಹೊಟ್ಟೆ ತುಂಬಿಸಿದರೆ ಸಾಕು ಎನ್ನುತ್ತಿದ್ದವರ ಬಾಯಿ ಮುಚ್ಚಿತು. ಉಳಿದೆಲ್ಲ ಹಾಗೇ ಇಟ್ಟು ಒಂದನ್ನು ಮಾತ್ರ ಬದಲಿಸಿ ನೋಡುವುದು ಪ್ರಾಣಿಗಳಲ್ಲಿ ಸಾಧ್ಯ. ಮಕ್ಕಳ ಮೇಲೆ ಅದನ್ನು ಮಾಡಲಾಗದು, ಮಾಡಲೂಬಾರದು.

ಆದರೆ ನಮ್ಮ ಮರಿಗಳು ಬೋನಿನಲ್ಲಿದ್ದವು. ಅಳುವುದು, ಅಂಟಿಕೊಳ್ಳುವುದು, ಮೂಲೆ ಸೇರುವುದು ಬಿಟ್ಟರೆ ಅವಕ್ಕೆ ಬೇರೇನೂ ಮಾಡಲು ಬರುತ್ತಿರಲಿಲ್ಲ. ನಾವು ಅಷ್ಟನ್ನೇ ನೋಡಿದೆವು, ಅದಕ್ಕೇ ಅಕ್ಕರೆ ಎಂದು ಹೆಸರಿಟ್ಟೆವು. ಒಂಟಿಯಾಗಿ ಬೆಳೆದ ಮರಿ ಸರಿಹೋಗುವುದೇ ಇಲ್ಲ ಎಂದೂ ಒಂದು ಕಾಲಕ್ಕೆ ಹೇಳುತ್ತಿದ್ದೆವು. ಆಮೇಲೆ ಅಂಥವುಗಳ ಜೊತೆ ಇನ್ನೂ ಚಿಕ್ಕ ಮರಿಗಳನ್ನು ಬಿಟ್ಟಾಗ, ಆ ಚಿಕ್ಕವು ಬೆನ್ನು ಬಿಡದೆ ತಬ್ಬಿ ತಬ್ಬಿ ಕೆಲವನ್ನು ದಾರಿಗೆ ತಂದವು. ಇನ್ನು ಮಾತು ಬಲ್ಲ, ಉಪಾಯ ಬಲ್ಲ ಹುಡುಗಿಯ ಬಗ್ಗೆ ಆ ಬೋನನ್ನು ನೋಡಿ ತೀರ್ಪು ಕೊಡಲು ನನಗೆ ಧೈರ್ಯವಿಲ್ಲ.

ನಿನ್ನ ಕಾಗದದ ಕೊನೆಯಲ್ಲೊಂದು ದೂರಿತ್ತು. ದಿನಾ ಬೆಳಿಗ್ಗೆ ನಿನ್ನ ಒಂದು ಚಪ್ಪಲಿ ಬಚ್ಚಿಡುತ್ತಾಳೆ, ಕೇಳಿದರೆ ನಂಗೊತ್ತಿಲ್ಲ ಅನ್ನುತ್ತಾಳೆ, ಆಫೀಸಿಗೆ ತಡವಾಗಿ ಬೈಸಿಕೊಳ್ಳುತ್ತೇನೆ, ಸುಳ್ಳು ಬೇರೆ ಕಲಿತಿದ್ದಾಳೆ ಎಂದು. ಪೆದ್ದಿ, ನೀನು ಹೋದ ಮೇಲೆ ಅಳುತ್ತಾಳೋ ಎಂದು ನೋಡುತ್ತ ನಿಂತೆ. ಅವಳು ನೀನು ಹೋಗದಂತೆ ನೋಡಿಕೊಳ್ಳುತ್ತಿದ್ದಳು. ನಮ್ಮ ಯಾವ ಮರಿಯ ಕೈಗೂ ಚಪ್ಪಲಿ ಸಿಕ್ಕಿರಲಿಲ್ಲ.

ಅದನ್ನು ಓದಿ ನಗು ಬಂತು, ಆಮೇಲೆ ಕಣ್ಣು ತುಂಬಿತು. ವಿಜ್ಞಾನಿಯ ಅಭಿಪ್ರಾಯ ಇಲ್ಲಿಗೆ ಮುಗಿಯಿತು. ಸಹಿ ಹಾಕುವುದು ಬಿಡುವುದು ನಿನಗೆ ಸೇರಿದ್ದು.

ಇಂತಿ,
ನಿನ್ನ ಅಮ್ಮ

ತಾ.ಕ.: ಜೊತೆಗಿರುವ ಪಾರ್ಸೆಲ್‌ನಲ್ಲಿ ಅವಳ ಕಾಲಿಗಾಗುವ ಪುಟ್ಟ ಚಪ್ಪಲಿಗಳಿವೆ. ಅಜ್ಜಿ ಕಳಿಸಿದ್ದು ಅಂತ ಹೇಳಿ ಕೊಡು. ಶುಕ್ರವಾರ ಬೆಳಿಗ್ಗೆ ಅವುಗಳಲ್ಲೊಂದನ್ನು ನೀನು ಬಚ್ಚಿಡು.