ಕೆಂಪು ಚುಕ್ಕೆಯ ಹಾರ್ಡ್ ಡಿಸ್ಕು

ರೀ,

ನಮ್ಮ ವಿಡಿಯೋಗಳನ್ನೆಲ್ಲ ಇಟ್ಟಿರುವ ಮನೆಯ ಸರ್ವರ್‌ನೊಳಗೆ ಕಟಕಟ ಅನ್ನುತ್ತಿರುವ ಹಳೇ ಹಾರ್ಡ್ ಡಿಸ್ಕನ್ನು ಇವತ್ತು ನೀವೇ ತೆಗೆಯಬೇಕು. ನಾನು ತರಬೇತಿ ಮುಗಿಸಿ ಬರುವ ತನಕ ಅದು ಉಳಿಯುವುದಿಲ್ಲ.

ಯಾವುದೆಂದು ಎಣಿಸಲು ಹೋಗಬೇಡಿ. ಹೋದ ಸಲ ಬಲಗಡೆಯಿಂದ ಎಣಿಸಿ, ಚೆನ್ನಾಗಿದ್ದದ್ದನ್ನೇ ಕಿತ್ತು, ನಮ್ಮ ಮದುವೆ ವಿಡಿಯೋಗೆ ಎಳ್ಳುನೀರು ಬಿಟ್ಟಿರಿ. ಈ ಸಲ ಹಳೆಯದಕ್ಕೆ ನನ್ನ ಉಗುರುಬಣ್ಣದಲ್ಲಿ ಕೆಂಪು ಚುಕ್ಕೆ ಇಟ್ಟಿದ್ದೇನೆ.

ಮಗಳು ಮೊದಲ ಹೆಜ್ಜೆ ಇಟ್ಟ ವಿಡಿಯೋ ಇರುವುದು ಅದೊಂದರಲ್ಲೇ. ಹೊಸ ಡಿಸ್ಕಿಗೆ ಈಗ ಕಾಪಿ ಆಗುತ್ತಿದೆ. ಕಾಪಿ ಮುಗಿಯಿತು ಎಂದು ಕಂಪ್ಯೂಟರಿನಲ್ಲಿ ತೋರಿಸುವವರೆಗೆ ದಯವಿಟ್ಟು ಕೈ ಕಟ್ಟಿಕೊಂಡು ಕೂತಿರಿ. ಆ ವಿಡಿಯೋ ಹೊಸದರಲ್ಲಿ ಓಡುತ್ತದಾ ಅಂತ ಪೂರ್ತಿ ನೋಡಿ. ಆಮೇಲೆ ಕೆಂಪು ಚುಕ್ಕೆಯ ಡಿಸ್ಕ್ ತೆಗೆಯುವ ಬಟನ್ ಒತ್ತಿ, ಅದರ ದೀಪ ಆರಿದ ಮೇಲೆ ಮೆಲ್ಲಗೆ ಎಳೆಯಿರಿ. ನಿಮ್ಮ ಕ್ಲಿನಿಕ್ಕಿನಲ್ಲಿ ಹಲ್ಲು ಕೀಳುವ ಹಾಗಲ್ಲ.

ನಿಮ್ಮ ಗೊರಕೆಯ ರೆಕಾರ್ಡಿಂಗೂ ಹಳೆಯದರ ಜೊತೆ ಹೋಯಿತು ಎಂದು ಹಿಗ್ಗಬೇಡಿ. "ನಾನು ಗೊರಕೆಯೇ ಹೊಡೆಯಲ್ಲ" ಅಂತ ನಿಮ್ಮ ತಂಗಿಯ ಮುಂದೆ ಆಣೆ ಇಟ್ಟಿರಲ್ಲ, ಆ ಸಾಕ್ಷಿಯನ್ನು ನನ್ನ ಫೋನಿಗೆ ಹಾಕಿಕೊಂಡಿದ್ದೇನೆ.

ತರಬೇತಿಯ ಹಾಸ್ಟೆಲ್ ಕೋಣೆಯಲ್ಲಿ ಆ ಗೊರಕೆ ಕೇಳದೆ ನನಗೆ ಈ ನಾಲ್ಕು ದಿನ ನಿದ್ದೆ ಹತ್ತುವುದಿಲ್ಲ. ಇದನ್ನು ಮಾತ್ರ ನಿಮ್ಮ ತಂಗಿಗೆ ಹೇಳಬೇಡಿ.