ನಿನ್ನ ಎಡೆಯ ಹೋಳಿಗೆ

ಅವ್ವಾ,

ನೀನು ಇದನ್ನು ಓದುವುದಿಲ್ಲ ಅನ್ನುವ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ಇವತ್ತು ಮೊಳಕಾಲ್ಮೂರಿನ ದೊಡ್ಡಮ್ಮನ ಮನೆಯಲ್ಲಿ ಹಿರಿಯರ ಹಬ್ಬ. ನೀನು ಹೋದಮೇಲೆ ಮೊದಲನೆಯದು. ನಿನ್ನ ಫೋಟೋ ಮುಂದೆ ಎಡೆ ಇಟ್ಟಿದ್ದರು, ತುಪ್ಪ ಸುರಿದ ಹೋಳಿಗೆ. ದೊಡ್ಡಮ್ಮನ ಮೊಮ್ಮಗಳು ಇಂಚರ ಒಂದಕ್ಕೆ ಕೈ ಹಾಕಿದಳು. ದೊಡ್ಡಮ್ಮ ಆ ಕೈಗೆ ಬಾರಿಸಿ, "ಆಸೆಬುರುಕಿ, ಮಗ್ಗಿ ಹೇಳಿದ್ರೆ ಹೋಳಿಗೆ ಐತೆ, ಇಲ್ಲಾಂದ್ರೆ ವಾಸ್ನೆ ನೋಡು" ಅಂದರು. ಥೇಟ್ ನಿನ್ನದೇ ಮಾತು.

ನನಗೆ ತಲೆ ಕೆಟ್ಟಿತು. ಹಾಸ್ಟೆಲಿನಿಂದ ರಜಕ್ಕೆ ಬಂದಾಗಲೂ ನೀನು ಮೊದಲು ಮಾರ್ಕ್ಸ್ ಕೇಳುತ್ತಿದ್ದೆ, ಆಮೇಲೆ ಸಿಹಿತಿಂಡಿಯ ಡಬ್ಬಿ ತೆಗೆಯುತ್ತಿದ್ದೆ. ಫಸ್ಟ್ ಇಯರ್‌ಗೆ ಬಂದಮೇಲೂ, ಚಳ್ಳಕೆರೆಯ ಮೆಸ್ಸಿನಲ್ಲಿ ಸ್ವೀಟ್ ಕೊಟ್ಟರೆ ಯಾರೋ ಕಿತ್ತುಕೊಳ್ಳುತ್ತಾರೆ ಅನ್ನುವ ಹಾಗೆ ಗಬಗಬ ತಿನ್ನುತ್ತೇನೆ. ಆಮೇಲೆ ಗಿಲ್ಟಿನಲ್ಲಿ ರಾತ್ರಿಯ ಊಟ ಬಿಡುತ್ತೇನೆ.

ನಿನ್ನ ಎಡೆಯಿಂದಲೇ ಒಂದು ಹೋಳಿಗೆ ಎತ್ತಿ ಇಂಚರಳ ಕೈಗಿಟ್ಟೆ.

"ಸತ್ತೋರ ಎಡೆ ಕಣೇ ಅದು" ಎಂದು ದೊಡ್ಡಮ್ಮ ಕೂಗಿದರು.

"ಅವ್ವನ್ನ ನಾನು ಕೇಳ್ಕೊಂತೀನಿ, ಬಿಡ್ರಿ" ಅಂದೆ.

ಇಂಚರ ಅರ್ಧ ತಿಂದಳು. "ಸಾಕು ಚಿಕ್ಕಿ" ಎಂದು ಉಳಿದದ್ದನ್ನು ನನಗೆ ಕೊಟ್ಟು ಆಡಲು ಓಡಿದಳು.

ಅಷ್ಟೇ ಅವ್ವಾ. ಸಾಕು ಅನ್ನುವುದಕ್ಕೆ ಅವಳಿಗೆ ಯಾರ ಪರ್ಮಿಶನ್ನೂ ಬೇಕಾಗಲಿಲ್ಲ. ನಾನು ಮಾತ್ರ ಆ ಅರ್ಧ ಹೋಳಿಗೆ ಹಿಡಿದುಕೊಂಡು ನಿನ್ನ ಫೋಟೋ ನೋಡುತ್ತಾ ನಿಂತಿದ್ದೆ, ತಿನ್ನಲೋ ಬೇಡವೋ ನೀನೇ ಹೇಳಲಿ ಅಂತ.